ರಾಕೆಟ್ ಷಡಕ್ಷರಪ್ಪ

ಹಳೇಬೀಡಿನಲ್ಲಿ ‘ರಾಕೆಟ್ ಷಡಕ್ಷರಪ್ಪ’ ಎಂಬುವವರಿದ್ದಾರೆಂದು ಕೇಳಿದ ಅರಸೀಕೆರೆಯ ಪುಷ್ಪಲತಾ ಮೇಡಂ, ಅವರು ಯಾರೋ ನಿವೃತ್ತ ವಿಜ್ಞಾನಿಯೆಂದೇ ತಿಳಿದು, ತೊಂಬತ್ತೈದನೇ ಇಸವಿಯಲ್ಲಿ ತಮ್ಮ ಶಾಲೆಗೆ ಭಾಷಣಕ್ಕೆ ಕರೆಯಲು ಹಾರ, ಶಾಲು ಸಮೇತ ಬಸ್ಸು ಹತ್ತಿದ್ದರು. ಸಿಕ್ಕಿದವರು ದೇವಸ್ಥಾನದ ಗೈಡು. ಕೈಯಲ್ಲೊಂದು ಕನ್ನಡಿ ಹಿಡಿದು, ಕತ್ತಲೆಯ ಮೂಲೆಗಳಿಗೆ ಬಿಸಿಲು ಹಾಯಿಸಿ ಅವರು ತೋರಿಸಿದ್ದೆಲ್ಲ ಹಾರುವ ಸಾಮಾನೇ. ಗೋಡೆಯಲ್ಲಿ ಕೆತ್ತಿದ ಚೂಪಾದ ಗೋಪುರ ಕಂಡರೆ ‘ಇದು ರಾಕೆಟ್ಟು ಕಣ್ರೀ’, ದುಂಡು ಕಿರೀಟ ಕಂಡರೆ ‘ಇದು ಆಕಾಶಕ್ಕೆ ಹೋಗೋರ ಟೋಪಿ’, ಗರುಡನಂತೂ ಸಾಕ್ಷಾತ್ ಪೈಲಟ್ಟು. ‘ಅಮೆರಿಕದೋರು ಈಗ ಮಾಡ್ತಾವ್ರೆ, ನಮ್ಮೋರು ಆಗ್ಲೇ ಮಾಡಿ ಮುಗಿಸಾಗೈತೆ’ ಎಂದು ಮೀಸೆ ನೀವಿಕೊಳ್ಳುವಾಗ, ಹೊಯ್ಸಳರಿಗೆಲ್ಲ ತಾವೇ ಟಿಕೆಟ್ ಹರಿದುಕೊಟ್ಟಂಥ ಗತ್ತು. ಆದರೆ ಮೇಲೆ ವಿಮಾನದ ಸದ್ದಾದರೆ ಮಾತು ಅರ್ಧಕ್ಕೇ ನಿಲ್ಲುತ್ತಿತ್ತು. ಅದು ಕಣ್ಮರೆಯಾಗುವವರೆಗೆ ಎತ್ತಿದ ಕತ್ತು ಇಳಿಯುತ್ತಿರಲಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ವಾಯುಪಡೆಯ ಪರೀಕ್ಷೆ ಪಾಸಾಗಿ, ಕಣ್ಣಿನ ತಪಾಸಣೆಯಲ್ಲಿ ಕೆಂಪು ಯಾವುದು ಹಸಿರು ಯಾವುದು ಎಂದು ಹೇಳಲಾಗದೆ ಊರಿಗೆ ಮರಳಿದವರಂತೆ. ಅಂದಿನಿಂದ ಕಲ್ಲನ್ನೇ ನೆಚ್ಚಿದ್ದರು. ಒಂದೇ ಬಣ್ಣದ ಕಲ್ಲಿನ ನಡುವೆ ಆ ಕೊರತೆ ಯಾರಿಗೂ ಗೊತ್ತಾಗುವುದಿಲ್ಲವಲ್ಲ. ಇದನ್ನು ಅವರ ಬಾಯಿಂದಲೇ ಕೇಳಿದ ಮೇಡಂ, ಸಮಾಧಾನ ಹೇಳಲು ಹೋಗಿ, ‘ಅಂದ್ರೆ ಹೊಯ್ಸಳರು ನಿಜವಾಗ್ಲೂ ಚಂದ್ರಲೋಕಕ್ಕೆ ಹೋಗಿದ್ರಾ ಸಾರ್?’ ಎಂದುಬಿಟ್ಟರು. ಷಡಕ್ಷರಪ್ಪ ಕನ್ನಡಿಯನ್ನು ಕೆಳಗಿಳಿಸಿದರು. ‘ಇಲ್ಲ ತಾಯಿ. ಹೋಗಕ್ಕಾಗಿದ್ರೆ ಇಷ್ಟೊಂದು ಕಲ್ಲು ಯಾಕೆ ಕೆತ್ತೋರು?’