ಪ್ರೆಸ್ಸಿನ ಕಂಪ್ಯೂಟರ್ ರಿಪೇರಿಯವರು

ಶಿರಾಳಕೊಪ್ಪದ ನಮ್ಮ ಪ್ರೆಸ್ಸಿನಲ್ಲಿ ಕಂಪ್ಯೂಟರ್ ಕೆಟ್ಟರೆ ರಿಪೇರಿಯವರು ಶಿವಮೊಗ್ಗದಿಂದ ಬಸ್ಸು ಹತ್ತಿ ಬರುತ್ತಿದ್ದರು. ಚಪ್ಪಲಿ ಬಿಟ್ಟು, ಕೈ ತೊಳೆದೇ ಮುಟ್ಟುವರು. "ಗಾಬರಿ ಬ್ಯಾಡ್ರಿ, ಮೊದ್ಲು ನೋಡಾಣ" ಎನ್ನುವರು.

ಆಯುಧಪೂಜೆ ಮುಗಿದು ಪ್ರೆಸ್ ತೆರೆದ ದಿನ ಕಂಪ್ಯೂಟರ್ ಫ್ಲಾಪಿ ಓದಲೇ ಇಲ್ಲ. ಅದರಲ್ಲಿದ್ದ ಲಗ್ನಪತ್ರಿಕೆ ಅಂದೇ ಅಚ್ಚಾಗಬೇಕಿತ್ತು. ಹೆಣ್ಣಿನ ತಂದೆ ಬೆಂಚು ಬಿಟ್ಟು ಏಳಲಿಲ್ಲ. "ಯಾರು ಮುಟ್ಟಿದ್ದು?" ಎಂದು ಯಜಮಾನರು ಮೂರು ಸಲ ಗುಡುಗಿದರು. ಪೂಜೆಯ ದಿನ ಫ್ಲಾಪಿ ಹಾಕುವ ಸಂದಿಗೇ ವಿಭೂತಿ ಬಳಿದಿದ್ದ ನಾನು ಜೋಡಿಸಿಟ್ಟ ಹಾಳೆಗಳನ್ನೇ ಮತ್ತೆ ಜೋಡಿಸತೊಡಗಿದೆ.

ರಿಪೇರಿಯವರು ಬಂದು ಬಿಚ್ಚಿದರು. ಒಳಗೆ ಒರೆಸಿದ ಹತ್ತಿಗೆ ಅಂಟಿದ ಬಿಳಿ ಪುಡಿಯನ್ನೂ ನನ್ನ ಹಣೆಯನ್ನೂ ಒಮ್ಮೆ ನೋಡಿದರು.

"ಏನ್ರೀ ಅದು?" ಎಂದರು ಯಜಮಾನರು.

"ರಸ್ತೆ ಧೂಳು ಕಣ್ರೀ."

ಪರದೆಯ ಮೇಲೆ ಲಗ್ನಪತ್ರಿಕೆ ತೆರೆಯಿತು. ಶಿವ ನನ್ನ ಮಾನ ಉಳಿಸಿದ್ದ. ನಾನು ಚಹಾ ಕೊಡುವಾಗ ರಿಪೇರಿಯವರು ನನಗಷ್ಟೇ ಕೇಳುವಂತೆ ಹೇಳಿದರು: "ಮುಂದಿನ್ ಹಬ್ಬಕ್ಕೆ ಕಂಪ್ಯೂಟರ್ ನೆತ್ತಿಗೆ ಹಚ್ರಿ ಅಕ್ಕಾರೆ, ಬಾಯಿಗೆ ಬ್ಯಾಡ."