ರಿವೈಂಡಿಂಗ್ ಅಕ್ಕ

ಅವರ ಬಲಗೈಯ ತೋರುಬೆರಳಿನ ತುದಿಯಲ್ಲಿ ಒಂದು ಗೀರು ಇತ್ತು. ಮೂವತ್ತು ವರ್ಷ ತಾಮ್ರದ ವಯರು ಅದರ ಮೇಲಿನಿಂದ ಜಾರಿ ಜಾರಿ ಕೊರೆದ ಗೀರು. ಉಗುರುಗಳ ಸುತ್ತ ವಾರ್ನಿಶಿನ ಕಂದು ಬಣ್ಣ, ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಿಡುತ್ತಿರಲಿಲ್ಲ. ಮದುವೆಗೆ ರೇಷ್ಮೆ ಸೀರೆ ಉಟ್ಟು ಮಲ್ಲಿಗೆ ಮುಡಿದು ಬಂದಾಗಲೂ ಆ ಕೈ ಮಾತ್ರ ಅಂಗಡಿಯ ಕೈಯೇ. ಯಾರಾದರೂ ಓರೆಗಣ್ಣಿನಿಂದ ನೋಡಿದರೆ, "ವಾರ್ನಿಶ್ ಅದು, ಹೋಗುವುದಿಲ್ಲ," ಎಂದು ಅವರೇ ಹೇಳಿಬಿಡುತ್ತಿದ್ದರು.

ಸಿದ್ಧಕಟ್ಟೆಯ ಬಸ್ ನಿಲ್ದಾಣದ ಹತ್ತಿರ ಅವರ ಅಂಗಡಿ. ತೋಟದ ಪಂಪಿನ ಮೋಟಾರು ಸುಟ್ಟುಹೋದರೆ, ಒಳಗಿನ ಕರಕಲು ಕಾಯಿಲ್ ಕಿತ್ತು, ಹೊಸ ವಯರು ಸುತ್ತಿ, ವಾರ್ನಿಶ್ ಬಳಿದು, ಮತ್ತೆ ನೀರೆತ್ತುವ ಹಾಗೆ ಮಾಡಿಕೊಡುವುದು ಅಲ್ಲಿನ ಕೆಲಸ. ಊರಿಗೆಲ್ಲ ಅವರು ರಿವೈಂಡಿಂಗ್ ಅಕ್ಕ. ಮೊದಲು ಅಂಗಡಿ ಅವರ ಗಂಡನದಾಗಿತ್ತು. ಗಂಡನಿಗೆ ಪಾರ್ಶ್ವವಾಯು ಬಡಿದ ಮೇಲೆ, ಅವರನ್ನು ಅಂಗಡಿಯಲ್ಲೇ ಕುರ್ಚಿಯ ಮೇಲೆ ಕೂರಿಸಿಕೊಂಡು, ಅವರು ಕಣ್ಣಲ್ಲೂ ಎಡಗೈಯಲ್ಲೂ ತೋರಿಸಿದಂತೆ ಸುತ್ತಲು ಅಕ್ಕ ಕಲಿತರಂತೆ. ಆಗ ಒಬ್ಬ ಧಣಿಗಳು, "ಹೆಂಗಸು ಸುತ್ತಿದ ಮೋಟಾರು ನೀರೆತ್ತುತ್ತದಾ?" ಎಂದು ಕೇಳಿದ್ದರಂತೆ. "ನೀವು ಹೇಳದಿದ್ದರೆ ಮೋಟಾರಿಗೆ ಗೊತ್ತಾಗುವುದಿಲ್ಲ," ಎಂದಿದ್ದರಂತೆ ಅಕ್ಕ. ನಾನು ಅವರನ್ನು ಕಾಣುವಾಗ ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಆ ಧಣಿಗಳ ಮನೆಯ ಮೋಟಾರು ಮಾತ್ರ ವರ್ಷ ವರ್ಷ ಬರುತ್ತಲೇ ಇತ್ತು.

ಅಂಗಡಿಯ ಬಾಗಿಲಿಗೆ ಒಂದು ಸ್ಲೇಟು ನೇತುಹಾಕುತ್ತಿದ್ದರು. ಅದರ ಮೇಲೆ ಸೀಮೆಸುಣ್ಣದಲ್ಲಿ: "ಸುತ್ತು ಎಣಿಸುತ್ತಿದ್ದೇನೆ. ಮಾತಾಡಿಸಬೇಡಿ." ಎಣಿಕೆ ತಪ್ಪಿದರೆ ಮೋಟಾರು ಮತ್ತೆ ಸುಡುತ್ತದೆ. ಸ್ಲೇಟು ನೇತಾಡುತ್ತಿದ್ದಾಗ ಪಂಚಾಯತಿನ ಅಧ್ಯಕ್ಷರು ಬಂದರೂ ಹೊರಗೆ ಬೆಂಚಿನ ಮೇಲೆ ಕೂರಬೇಕು.

ನಾನು ಅಲ್ಲೇ ಸಮೀಪದ ಹೈಸ್ಕೂಲಿನಲ್ಲಿ ಲೆಕ್ಕದ ಟೀಚರ್. ಮನೆ ಮೂಡುಬಿದಿರೆಯಲ್ಲಿ, ದಿನಾ ಬಸ್ಸಿನ ಓಡಾಟ. ನನ್ನ ಮೈದುನ ದುಬೈಯಿಂದ ಬಂದವನು ಒಂದು ಬೇಸ್ ಗಿಟಾರನ್ನೂ ಅದರ ಸ್ಪೀಕರನ್ನೂ ತಂದು ನಮ್ಮ ಮನೆಯಲ್ಲಿ ಬಿಟ್ಟು ಹೋಗಿದ್ದ. ನಾಲ್ಕೇ ತಂತಿ, ದಪ್ಪ ದಪ್ಪ. ಕಪಾಟಿನ ಹಿಂದೆ ಎರಡು ವರ್ಷ ಬಿದ್ದಿತ್ತು. ಆಮೇಲೆ ನಾನು ಒಂದೂವರೆ ತಿಂಗಳು ರಜೆಯಲ್ಲಿ ಮನೆಯಲ್ಲೇ ಕೂರಬೇಕಾಗಿ ಬಂತು. ಆರು ತಿಂಗಳ ಬಸಿರು ನಿಂತಿರಲಿಲ್ಲ. ಗಂಡ ಬ್ಯಾಂಕಿಗೆ ಹೋಗಿ ಬರುತ್ತಿದ್ದರು. ಬಂದ ಮೇಲೆ ನಾವಿಬ್ಬರೂ ಊಟದ ವಿಷಯ, ಗ್ಯಾಸಿನ ವಿಷಯ ಬಿಟ್ಟು ಬೇರೆ ಮಾತಾಡುತ್ತಿರಲಿಲ್ಲ. ಒಂದು ಮಧ್ಯಾಹ್ನ ಆ ಗಿಟಾರನ್ನು ತೆಗೆದು ತೊಡೆಯ ಮೇಲಿಟ್ಟು ಒಂದು ತಂತಿ ಮೀಟಿದೆ. ಸದ್ದು ಕಿವಿಗಿಂತ ಮೊದಲು ಎದೆಗೆ ತಾಗಿತು. ಫೋನಿನಲ್ಲಿ ನೋಡಿ ನೋಡಿ ಕಲಿತೆ. ಶಾಲೆಗೆ ಮರಳಿದ ಮೇಲೂ ದಿನಾ ಸಂಜೆ ಅರ್ಧ ಗಂಟೆ ಅದು ಬೇಕೇ ಬೇಕಾಯಿತು.

ಒಂದು ದಿನ ಅದು ಮೂಕವಾಯಿತು. ತಂತಿ ಮೀಟಿದರೆ ಸ್ಪೀಕರಿನಲ್ಲಿ ಬರೀ ಗುಂಯ್ ಎನ್ನುವ ಸದ್ದು. ಮಂಗಳೂರಿನ ಒಂದು ಅಂಗಡಿಯವರು ಬಿಚ್ಚಿ ನೋಡಿ, "ಪಿಕಪ್ ಹೋಗಿದೆ ಮೇಡಂ. ಇದನ್ನು ಇಲ್ಲಿ ಯಾರೂ ಮಾಡುವುದಿಲ್ಲ," ಎಂದರು. ಪಿಕಪ್ ಎಂದರೆ ತಂತಿಗಳ ಕೆಳಗೆ ಕೂರುವ ಕಪ್ಪು ಡಬ್ಬಿ. ಒಳಗೆ ಅಯಸ್ಕಾಂತ, ಅದರ ಸುತ್ತ ಕೂದಲಿಗಿಂತ ಸಪೂರದ ತಾಮ್ರದ ವಯರು, ಸಾವಿರ ಸಾವಿರ ಸುತ್ತು. ತಾಮ್ರ, ಸುತ್ತು ಎಂದು ಕೇಳಿದಾಗ ನನಗೆ ಬಸ್ ನಿಲ್ದಾಣದ ಆ ಸ್ಲೇಟು ನೆನಪಾಯಿತು.

ಅಕ್ಕ ಡಬ್ಬಿಯನ್ನು ಅಂಗೈಯಲ್ಲಿಟ್ಟು ಕನ್ನಡಕ ಹಣೆಗೇರಿಸಿ ನೋಡಿದರು. ಊರಿನವರ ಹತ್ತಿರ ಅವರು ಮಾತಾಡುವುದು ತುಳು. ನಾನು ಟೀಚರ್ ಎಂದು ನನ್ನ ಹತ್ತಿರ ಮಾತ್ರ ಶಾಲೆಯ ಕನ್ನಡ.

"ಇದರ ಕೆಲಸ ಎಂತದು ಟೀಚರ್?"

"ತಂತಿ ಅಲುಗಿದ್ದನ್ನು ಕರೆಂಟು ಮಾಡಿ ಸ್ಪೀಕರಿಗೆ ಕೊಡುವುದು ಅಕ್ಕ."

"ಹಾಗಾದರೆ ಕಾಯಿಲೇ. ಆಗ್ತದೆ ಅಂತ ಹೇಳುವುದಿಲ್ಲ. ನೋಡುವ."

ಅಷ್ಟು ಸಪೂರದ ವಯರು ಅವರ ಅಂಗಡಿಯಲ್ಲಿ ಇರಲಿಲ್ಲ. ಹಳೆಯ ಗೋಡೆ ಗಡಿಯಾರ, ಗುಜರಿಯ ರಿಲೇ ಎಲ್ಲ ಬಿಚ್ಚಿ ನೋಡಿ, ಕೊನೆಗೆ ಎಲ್ಲಿಂದಲೋ ಒಂದು ಸಣ್ಣ ಉಂಡೆ ತರಿಸಿದರು. ಮೋಟಾರು ಸುತ್ತುವ ಯಂತ್ರದ ಜಗ್ಗಾಟಕ್ಕೆ ಆ ವಯರು ಪಟ್ಟೆಂದು ತುಂಡಾಗುತ್ತಿತ್ತು. ಮನೆಯಿಂದ ಹೊಲಿಗೆ ಯಂತ್ರದ ತಲೆ ತಂದು, ಅದಕ್ಕೆ ಪಿಕಪ್ಪನ್ನು ಸಿಕ್ಕಿಸಿ, ಕೈಯಲ್ಲಿ ತಿರುಗಿಸುವ ಹಾಗೆ ಮಾಡಿಕೊಂಡರು. ಹಿಡಿಕೆ ಒಂದು ಸಲ ತಿರುಗಿದರೆ ಪಿಕಪ್ ಹತ್ತು ಸುತ್ತು.

ಆ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟು ಹೋದೆ. ಅಕ್ಕ ವಯರಿನ ತುದಿ ಹುಡುಕುತ್ತ ಕೇಳಿದರು: "ಇದನ್ನು ಯಾವಾಗದಿಂದ ಬಾರಿಸ್ತೀರಿ?"

"ರಜೆಯಲ್ಲಿ ಮನೆಯಲ್ಲಿದ್ದೆ ಅಕ್ಕ, ಆವಾಗಿನಿಂದ."

"ಎಂತಕ್ಕೆ ರಜೆ?"

"ಹುಷಾರಿರಲಿಲ್ಲ."

ಅವರು ತಲೆಯಾಡಿಸಿ, ಎದ್ದು ಹೋಗಿ ಸ್ಲೇಟು ನೇತುಹಾಕಿ ಬಂದು ಕೂತರು. ಬಲಗೈಯ ತೋರುಬೆರಳಿನ ಮೇಲಿನಿಂದ ವಯರು ಹರಿಯತೊಡಗಿತು. ತುಟಿ ಅಲ್ಲಾಡುತ್ತಿತ್ತು. ನಾನು ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಹೊರಗೆ ಬಂಟ್ವಾಳದ ಬಸ್ಸು ಬಂದು ಹೋಯಿತು. ನಾನೂರು ದಾಟಿರಬೇಕು. ಹಿಡಿಕೆ ನಿಂತಿತು.

"ಎನ್ನಲಾ ರಡ್ಡ್ ಪೋತುಂಡು," ಎಂದರು ಅಕ್ಕ, ವಯರಿನಿಂದ ಕಣ್ಣೆತ್ತದೆ. ನನ್ನದೂ ಎರಡು ಹೋಗಿದೆ.

ನನ್ನ 'ಹುಷಾರಿರಲಿಲ್ಲ' ಎಂದರೆ ಏನೆಂದು ಅವರಿಗೆ ಹೊಳೆದಿತ್ತು. ಅಕ್ಕ ತುಳುವಿನಲ್ಲೇ ಮುಂದುವರಿಸಿದರು. ಮೊದಲನೆಯದು ಐದು ತಿಂಗಳಲ್ಲಿ, ಎರಡನೆಯದು ಏಳರಲ್ಲಿ. ಎರಡನೆಯದಕ್ಕೆ ಹೆಸರು ಕೂಡ ಯೋಚಿಸಿ ಇಟ್ಟಿದ್ದರಂತೆ, ಗಂಡನಿಗೂ ಹೇಳಿರಲಿಲ್ಲವಂತೆ. "ಅವರಿಗೆ ಬೇಸರ ಆದೀತು ಅಂತ ನಾನು ಸುಮ್ಮನಿದ್ದೆ. ನನಗೆ ಬೇಸರ ಆದೀತು ಅಂತ ಅವರು ಸುಮ್ಮನಿದ್ದರು. ಆಮೇಲೆ ಅವರ ಮಾತೇ ಬಿದ್ದುಹೋಯಿತು. ಆ ಹೆಸರು ಹೇಳಿದೆ ಆಗ. ಕುರ್ಚಿಯಲ್ಲಿ ಕೂತು ಅತ್ತರು ಪಾಪ. ಏನೋ ಹೇಳಲು ನೋಡಿದರು, ಬರಲಿಲ್ಲ." ಹಿಡಿಕೆಯಿಂದ ಕೈ ತೆಗೆದು, "ಮಾತು ಬರುವಾಗ ಆಡಿಬಿಡಬೇಕು ಮಾರಾಯ್ತಿ," ಎಂದರು.

ಆಗ ನಾನು ಅತ್ತೆ. ಆಸ್ಪತ್ರೆಯಲ್ಲೂ ಅತ್ತಿರಲಿಲ್ಲ. ಅಕ್ಕ ಸಮಾಧಾನ ಮಾಡಲು ಬರಲಿಲ್ಲ; ಚಾ ತರಿಸಿದರು, ಕುಡಿಯುವವರೆಗೆ ಕಾದರು.

ಎಣಿಕೆ ತಪ್ಪಿಹೋಗಿತ್ತು. ಎಣಿಸುವಾಗ ಎಂದೂ ಬಾಯಿ ತೆಗೆಯದವರು ತಾವಾಗಿಯೇ ಅದನ್ನು ಕೆಡಿಸಿಕೊಂಡಿದ್ದರು. ಕತ್ತರಿ ತಂದು ಸುತ್ತಿದ್ದಷ್ಟನ್ನೂ ಕತ್ತರಿಸಿ ತೆಗೆದರು.

"ಈಗ ನೀವು ತಿರುಗಿಸಿ, ನಾನು ವಯರು ಹಿಡೀತೇನೆ. ಎಣಿಸುವುದೂ ನೀವೇ. ಲೆಕ್ಕದ ಟೀಚರಲ್ಲವಾ!"

ಒಂದರಿಂದ ಶುರುಮಾಡಿ ಎಂಟುನೂರರವರೆಗೆ ನಾನು ಎಣಿಸಿದೆ. ಕೊನೆಗೆ ಅಕ್ಕ ತುದಿಗಳನ್ನು ಬೆಸೆದು, ಗಿಟಾರಿಗೆ ಕೂರಿಸಿ, ಸ್ಪೀಕರು ಹಾಕಿ, ಸ್ಕ್ರೂ ಡ್ರೈವರಿನ ತುದಿಯಿಂದ ಪಿಕಪ್ಪಿನ ಮೇಲೆ ತಟ್ಟಿದರು. ಸ್ಪೀಕರಿನಲ್ಲಿ 'ಟಕ್' ಎಂದಿತು. "ಆಯಿತು. ತೆಗೆದುಕೊಂಡು ಹೋಗಿ," ಎಂದರು.

ಆ ಸಂಜೆ ಗಂಡ ಬ್ಯಾಂಕಿನಿಂದ ಬಂದು ಶೂ ಬಿಚ್ಚುತ್ತಿರುವಾಗಲೇ ಅಕ್ಕನ ವಿಷಯ ಹೇಳಿದೆ. ಆಮೇಲೆ ನಮ್ಮ ವಿಷಯ. ಅವರೂ ಒಂದು ಹೆಸರು ಯೋಚಿಸಿ ಇಟ್ಟಿದ್ದರು. ನಮಗೆ ಆಮೇಲೂ ಮಕ್ಕಳಾಗಲಿಲ್ಲ. ಆದರೆ ಮನೆಯಲ್ಲಿ ಮತ್ತೆ ಮಾತು ಶುರುವಾಯಿತು. ಅದಕ್ಕೆ ನಾನು ಅಕ್ಕನಿಗೆ ಋಣಿ.

ಅಲ್ಲಿಂದ ಆ ಗಿಟಾರಿಗೆ ಅಕ್ಕನ ಅಂಗಡಿಯೇ ಆಸ್ಪತ್ರೆ. ವಾಲ್ಯೂಮಿನ ಗುಂಡಿ ಒಡೆದಾಗ ಫ್ಯಾನಿನ ರೆಗ್ಯುಲೇಟರಿನ ಬಿಳಿ ಗುಂಡಿ ಹಾಕಿಕೊಟ್ಟರು, ಒಂದರಿಂದ ಐದರವರೆಗೆ ಅಂಕಿ ಇದ್ದದ್ದು. ಭಾನುವಾರ ನನ್ನ ಜೊತೆ ಹಾಡಲು ಕೂರುವ ಗೆಳತಿಯರು, "ಮೂರರಲ್ಲಿಡು, ಐದಾದರೆ ಚಳಿಯಾಗ್ತದೆ," ಎಂದು ಈಗಲೂ ನಗುತ್ತಾರೆ. ಒಂದು ಜುಲೈಯಲ್ಲಿ ತೇವಕ್ಕೆ ಗಿಟಾರಿನ ಕುತ್ತಿಗೆ ಬಾಗಿತು. ಒಳಗಿರುವ ಕಬ್ಬಿಣದ ಸರಳನ್ನು ಬಿಗಿ ಮಾಡಿದರೆ ನೆಟ್ಟಗಾಗುತ್ತದೆ ಎಂದು ಓದಿ, ನಾನೇ ಕೀಲಿ ಹಾಕಿ ತಿರುಗಿಸಿದೆ. ಮರ 'ಕರಕ್' ಎಂದಿತು. ಅದನ್ನು ಎತ್ತಿಕೊಂಡು ಶಾಲೆಗೂ ಹೋಗದೆ ನೇರ ಅಂಗಡಿಗೆ ಓಡಿದೆ. ಅಕ್ಕ ಕೀಲಿಯನ್ನು ಹಿಂದಕ್ಕೆ ತಿರುಗಿಸಿ ಸಡಿಲು ಮಾಡಿ, ಮರದ ಉದ್ದಕ್ಕೂ ಬೆರಳು ಆಡಿಸಿದರು.

"ಒಡೆದಿಲ್ಲ. ಎಷ್ಟು ತಿರುಗಿಸಿದ್ರಿ?"

"ಒಂದು ಪೂರ್ತಿ ಸುತ್ತು."

"ಅದು ಮೋಟಾರಿನ ನಟ್ಟಲ್ಲ, ಮರ. ದಿನಕ್ಕೆ ಕಾಲು ಸುತ್ತು ಸಾಕು. ಮತ್ತೆ ಬಿಟ್ಟುಬಿಡಿ. ನಾಳೆ ನೋಡುವ." ನಾಲ್ಕು ದಿನ ಶಾಲೆಗೆ ಹೋಗುವ ದಾರಿಯಲ್ಲಿ ಇಳಿದು, ಅವರ ಕಣ್ಣೆದುರೇ ಕಾಲು ಕಾಲು ಸುತ್ತು ತಿರುಗಿಸಿದೆ. ಐದನೆಯ ದಿನ, "ಇನ್ನು ನಾನು ಬೇಡ ನಿಮಗೆ," ಎಂದರು.

ಕಳೆದ ವರ್ಷ ಅವರಿಗೆ ಉಬ್ಬಸ ಹೆಚ್ಚಾಯಿತು. ಅಂಗಡಿಯನ್ನು ತಂಗಿಯ ಮಗಳು ನೋಡಿಕೊಳ್ಳತೊಡಗಿದಳು. ಆಗ ನನಗೆ ಹೊಳೆಯಿತು: ಇಷ್ಟು ವರ್ಷಗಳಲ್ಲಿ ಅಕ್ಕ ಆ ಗಿಟಾರಿನಲ್ಲಿ ಒಂದು ಹಾಡನ್ನೂ ಕೇಳಿರಲಿಲ್ಲ. 'ಟಕ್' ಎಂದರೆ ಅವರಿಗೆ ಮುಗಿಯಿತು. ಒಂದು ಭಾನುವಾರ ಗಂಡ ಸ್ಪೀಕರು ಹೊತ್ತುಕೊಂಡರು, ನಾನು ಗಿಟಾರು. ಅಕ್ಕನ ಮನೆಯ ಜಗಲಿಯಲ್ಲಿ ಕೂತು ಬಾರಿಸಿದೆ. ಬರೀ ಬೇಸ್ ಕೇಳಿದರೆ ಹಾಡು ಯಾವುದೆಂದು ಗೊತ್ತಾಗುವುದಿಲ್ಲವೆಂದು ಗಂಡ ಜೊತೆಗೆ ಹಾಡಿದರು. ಬಚ್ಚಲುಮನೆಯ ಹೊರಗೆ ಅವರು ಹಾಡಿದ್ದು ಅದೇ ಮೊದಲು.

ಅಕ್ಕ ಕಣ್ಣು ಮುಚ್ಚಿ ಕೇಳಿದರು. ಮೂರು ಹಾಡು ಮುಗಿಯಿತು.

"ನಿಮ್ಮವರ ಸ್ವರ ಅಡ್ಡಿ ಇಲ್ಲ," ಎಂದರು. ಆಮೇಲೆ, "ಮೂರನೆಯ ತಂತಿ ಉಳಿದವಕ್ಕಿಂತ ಸ್ವಲ್ಪ ಸಣ್ಣಗೆ ಕೇಳ್ತದೆ ಟೀಚರ್. ಅದರ ಕೆಳಗೆ ಒಂದು ಸ್ಕ್ರೂ ಉಂಟು. ಅರ್ಧ ಸುತ್ತು ಮೇಲೆ ತನ್ನಿ."

ನನಗೆ ಹಾಗೆ ಅನ್ನಿಸಿರಲೇ ಇಲ್ಲ. ದಿನಾ ಬಾರಿಸುವವಳು ನಾನು. ಉಬ್ಬಸದ ನಡುವೆ ಒಂದು ಸಲ ಕೇಳಿದವರಿಗೆ ಏನು ಗೊತ್ತಾದೀತು ಎಂದುಕೊಂಡು ಹಾಗೇ ಬಿಟ್ಟೆ. ಪರೀಕ್ಷೆ, ಉತ್ತರಪತ್ರಿಕೆ ಎಂದು ಎರಡು ವಾರ ಹೋಯಿತು. ಒಂದು ಮಂಗಳವಾರ ಸಂಜೆ ಸುಮ್ಮನೆ ಸ್ಕ್ರೂ ಡ್ರೈವರು ತೆಗೆದುಕೊಂಡು ಅರ್ಧ ಸುತ್ತು ಎತ್ತಿ, ತಂತಿ ಮೀಟಿದೆ. ನಾಲ್ಕು ತಂತಿಯೂ ಒಂದೇ ಸಮ. ಅದುವರೆಗೆ ಕುಂಟುತ್ತಿತ್ತೆಂದು ಸರಿಯಾದ ಮೇಲೆಯೇ ನನಗೆ ತಿಳಿದದ್ದು. ಶನಿವಾರ ಅರ್ಧ ದಿನದ ಶಾಲೆ, ಮುಗಿಸಿ ಹೋಗಿ ಹೇಳುವ ಎಂದುಕೊಂಡೆ.

ಗುರುವಾರ ಬೆಳಿಗ್ಗೆ ತಂಗಿಯ ಮಗಳ ಫೋನು ಬಂತು.

ಬೊಜ್ಜದ ದಿನ, ಅಕ್ಕನ ಉತ್ತರಕ್ರಿಯೆಗೆ, ಅವರ ಅಂಗಳ ತುಂಬ ಜನ. ನಾರಾವಿಯಿಂದ, ನರಿಕೊಂಬಿನಿಂದ, ಎಲ್ಲೆಲ್ಲಿಂದಲೋ ಬಂದವರು. ಹೆಚ್ಚಿನವರ ತೋಟಗಳಲ್ಲಿ ಅಕ್ಕ ಸುತ್ತಿದ ಮೋಟಾರು ಓಡುತ್ತಿತ್ತು. ತಂಗಿಯ ಮಗಳು ಎಲ್ಲರನ್ನೂ ಊಟಕ್ಕೆ ಎಬ್ಬಿಸುತ್ತ ನನ್ನ ಹತ್ತಿರ ಬಂದಳು. ನಾನು ಅವಳ ಕೈ ಹಿಡಿದು, "ಮೂರನೆಯ ತಂತಿ ಸರಿಯಾಯಿತು," ಎಂದೆ.

ಅವಳಿಗೆ ಏನೂ ಅರ್ಥವಾಗಲಿಲ್ಲ. ಆದರೂ ನನ್ನ ಕೈ ಬಿಡದೆ, "ಹೌದಾ ಟೀಚರ್? ಒಳ್ಳೆಯದಾಯಿತು," ಎಂದಳು.