ಒಳಗಿನ ಚಂದ್ರ, ಹೊರಗಿನ ಎತ್ತು

ಸವಣೂರಿನ ಹತ್ತಿರದ ಹೈಸ್ಕೂಲಿನಲ್ಲಿ ನಾನು ವಿಜ್ಞಾನ ಕಲಿಸುತ್ತೇನೆ. ತಪ್ಪು ಒಪ್ಪಿಕೊಳ್ಳುವುದು ಮಾತ್ರ ನನಗೆ ಹುಟ್ಟಿನಿಂದಲೇ ಬಾರದ ವಿದ್ಯೆ.

ಹೋದ ವರ್ಷ ಒಂಬತ್ತನೇ ತರಗತಿಗೆ ಟಿವಿಯಲ್ಲಿ ಒಂದು ವಿಡಿಯೊ ಹಾಕಿದೆ. ಗುರುಗ್ರಹದ ಪಕ್ಕದಲ್ಲಿ ಹಾದುಹೋದ ಬಾಹ್ಯಾಕಾಶ ನೌಕೆಯೊಂದು ತೆಗೆದ ಚಿತ್ರಗಳು. ಗ್ರಹದ ಎರಡು ಚಂದ್ರಗಳು ಸುತ್ತುತ್ತಿದ್ದವು. ಹೊರಗಿನದು ಜೋರಾಗಿ ಓಡುತ್ತದೆ, ಒಳಗಿನದು ನಿಧಾನ ಎಂದು ಮೊದಲೇ ಹೇಳಿಬಿಟ್ಟಿದ್ದೆ. ಅದನ್ನು ಕಲಿತದ್ದು ನನ್ನೂರು ಹಿರೇಬೆಂಡಿಗೇರಿಯ ಕಣದಲ್ಲಿ. ನಾನು ಚಿಕ್ಕವಳಿದ್ದಾಗ ಅಪ್ಪ ಜೋಳದ ತೆನೆ ತುಳಿಸಲು ಹಂತಿ ಕಟ್ಟುತ್ತಿದ್ದ. ಕಣದ ನಡುವಿನ ಮೇಟಿ ಕಂಬಕ್ಕೆ ಸಾಲಾಗಿ ಕಟ್ಟಿದ ಎತ್ತುಗಳಲ್ಲಿ ಮೇಟಿ ಪಕ್ಕದ್ದು ನಿಂತಲ್ಲೇ ತಿರುಗಿದಂತೆ ತಿರುಗುತ್ತಿತ್ತು, ಹೊರಗಿನದು ಓಡಿ ಓಡಿ ಸುಸ್ತಾಗುತ್ತಿತ್ತು. ಕಣ್ಣಾರೆ ಕಂಡವಳಿಗೆ ಪುಸ್ತಕ ತೆರೆಯುವ ಉಸಾಬರಿ ಏಕೆ?

ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದಳು. "ಅಕ್ಕಾರ, ಒಳಗಿನದ ಮುಂದ ಹೋತಲ್ರಿ?"

"ನೌಕೆನೂ ಓಡಾಕತ್ತೈತಿ, ಅದಕ್ಕ ನಿನಗ ಹಂಗ ಕಾಣತೈತಿ. ಯಲವಿಗಿ ಸ್ಟೇಷನ್ ಬಿಟ್ಟ ಮ್ಯಾಲೆ ರೈಲಿನ್ಯಾಗಿಂದ ನೋಡಿದ್ರ ಗಿಡಾ ಹಿಂದ ಓಡಿದಂಗ ಕಾಣಂಗಿಲ್ಲೇನು? ಹಂತಿ ನೋಡಿಯೇನ್ ಯಾವಾಗರ? ಕುಂದ್ರು."

ತರಗತಿಯೆಲ್ಲ ನಕ್ಕಿತು. ಅವಳು ಕೂತಳು.

ಸಂಜೆ ಅಪ್ಪನಿಗೂ ಆ ವಿಡಿಯೊ ತೋರಿಸಿದೆ, ನಿನ್ನ ಹಂತಿ ಆಕಾಶದಲ್ಲೂ ನಡೆದಿದೆ ನೋಡು ಎಂದು. ಅವನು ಎರಡು ಸಲ ನೋಡಿದ.

"ಎತ್ತಿಗೆ ಹಗ್ಗ ಇರತೈತಿ, ಎಲ್ಲಾ ಕೂಡೇ ತಿರಗತಾವ. ಇವನ್ನ ಒಂದಕ್ಕೊಂದು ಯಾರು ಕಟ್ಯಾರವಾ?"

ಆಗ ಪುಸ್ತಕ ತೆರೆದೆ. ಗ್ರಹಕ್ಕೆ ಹತ್ತಿರವಿದ್ದಷ್ಟೂ ಚಂದ್ರನ ವೇಗ ಹೆಚ್ಚು. ನೌಕೆ ಓಡುವುದರಿಂದ ನೋಟ ಒಂದಿಷ್ಟು ಬದಲಾಗುವುದು ನಿಜ, ಆದರೆ ಒಳಗಿನದು ಮುಂದೆ ಹೋದದ್ದೂ ನಿಜವೇ. ಅವಳ ಬಾಯಿ ಮುಚ್ಚಿಸಲು ನಾನು ನೌಕೆಯ ನೆಪ ಹೇಳಿದ್ದೆ. ನಾಚಿಕೆಯಾಯಿತು. ತನ್ನ ಕಣ್ಣನ್ನು ನಂಬಿ ಎದ್ದು ನಿಲ್ಲುವ ಹುಡುಗಿ ನನ್ನ ತರಗತಿಯಲ್ಲಿ ಅವಳೊಬ್ಬಳೇ ಇದ್ದಳು.

ಮರುದಿನ ಅದೇ ವಿಡಿಯೊ ಹಾಕಿ ಅವಳನ್ನೇ ಎಬ್ಬಿಸಿದೆ. "ಯಾವುದು ಮುಂದ ಹೋತು, ಹೇಳು."

ಅವಳು ಟಿವಿಯತ್ತ ತಿರುಗಲೇ ಇಲ್ಲ. ನನ್ನ ಮುಖ ನೋಡಿದಳು. "ಹೊರಗಿನ ಚಂದ್ರ ರೀ, ಅಕ್ಕಾರ."

ಒಂದೇ ದಿನದಲ್ಲಿ ಎಷ್ಟು ಚೆನ್ನಾಗಿ ಕಲಿಸಿದ್ದೆ! ನಿನ್ನೆ ನಾನು ಹೇಳಿದ್ದು ತಪ್ಪು, ಇವಳು ಕಂಡದ್ದೇ ಸರಿ ಎಂದು ಇಡೀ ತರಗತಿಯ ಮುಂದೆ ಹೇಳಿದೆ.

"ಹೂಂ ರೀ," ಎಂದಳು. ಆಗಲೂ ನನ್ನ ಮುಖವನ್ನೇ ನೋಡುತ್ತಿದ್ದಳು.